ಪಿರಮಿಡ್ಡಿನಲ್ಲಿ ಇಲ್ಲದ ಒಂದು ಕಲ್ಲು

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟು ಉದ್ಯಮಬಾಗ, ಪೀರನವಾಡಿಗಳನ್ನು ದಾಟಿದರೆ ಮಚ್ಛೆ ಸಿಗುತ್ತದೆ. ಅಲ್ಲಿ ಎರಕದ ಕಾರ್ಖಾನೆಗಳ ಕೈಗಾರಿಕಾ ಪ್ರದೇಶವೂ ಇದೆ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 'ಜ್ಞಾನಸಂಗಮ' ಆವರಣವೂ ಇದೆ. ತಂದೆ ಫೌಂಡ್ರಿಯ ಪಾಳಿ ಮುಗಿಸಿ ಮನೆಗೆ ಬರುವ ಹೊತ್ತಿಗೆ ಮಗ ಅಥವಾ ಮಗಳು ಪುಸ್ತಕದ ಚೀಲ ಹೊತ್ತು ಟ್ಯೂಷನ್ನಿಗೆ ಹೊರಟಿರುತ್ತಾರೆ. ತಾನು ಕುಲುಮೆಯ ಮುಂದೆ ಬೆಂದದ್ದು ಸಾಕು, ಮಕ್ಕಳು ಆ ವಿಶ್ವವಿದ್ಯಾಲಯದ ಬಾಗಿಲೊಳಗೆ ಕಾಲಿಡಲಿ ಎಂಬುದು ತಂದೆಯ ಆಸೆ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆಸೆಯ ಭಾರವನ್ನು ಹೊರುವವರು ಮಕ್ಕಳು.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿನಲ್ಲಿ, ಇದೇ ಊರಿನ ಒಂದು ಮನೆಯಲ್ಲಿ ಪ್ರಾರ್ಥನೆ ಮುಗಿಸಿ ಹೊರಡುತ್ತಿದ್ದಾಗ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ಈಗ ಆತ ದೈಹಿಕ ಶಿಕ್ಷಕ. ಶಾಲೆಯ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಾನೆ. ಆತನ ತಂಡ ಹಿಂದಿನ ವಾರವಷ್ಟೇ ಒಂದು ಪಂದ್ಯದಲ್ಲಿ ಸೋತಿತ್ತು. "ಸೋತದ್ದಕ್ಕ ಅಲ್ರಿ ಫಾದರ್, ಸೋತ ಮ್ಯಾಲೆ ಮನಿಗೆ ಹೋಗಾಕ ಅಂಜತಾವ ಹುಡುಗ್ಯಾರು," ಎಂದ. ಬಳಿಕ ಕೈಚೀಲದಿಂದ ಒಂದು ಇಂಗ್ಲಿಷ್ ಪುಸ್ತಕ ತೆಗೆದು ನನ್ನ ಕೈಗಿಟ್ಟ. "ನೀವು ಒಮ್ಮೆ ಓದ್ರಿ. ಇದರಾಗಿನ ಮಾತು ನಮ್ಮ ಮಕ್ಕಳಿಗೆ, ಅವರ ಅಪ್ಪ ಅವ್ವಗ ಹೇಳಬಹುದೋ ಇಲ್ಲೋ ಹೇಳ್ರಿ."

ಆ ಪುಸ್ತಕ ಅಮೆರಿಕದ ಬ್ಯಾಸ್ಕೆಟ್‌ಬಾಲ್ ತರಬೇತುದಾರ ಜಾನ್ ವುಡನ್ ಅವರದು. 1997ರಲ್ಲಿ ಸ್ಟೀವ್ ಜೇಮಿಸನ್ ಅವರೊಡಗೂಡಿ ಅವರು ಪ್ರಕಟಿಸಿದ ಚಿಂತನೆಗಳ ಸಂಗ್ರಹ. ಯಶಸ್ಸಿನ ಸೂತ್ರ ಹೇಳುವ ಪುಸ್ತಕಗಳ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಸಂಶಯ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಅವು ರಾಶಿ ಬಿದ್ದಿರುತ್ತವೆ. ಗೆದ್ದವರು ಬರೆಯುತ್ತಾರೆ, ಗೆಲ್ಲಬೇಕೆನ್ನುವವರು ಕೊಳ್ಳುತ್ತಾರೆ. ಆದರೂ ಹಳೆಯ ವಿದ್ಯಾರ್ಥಿಯ ಮಾತಿಗೆ ಕಟ್ಟುಬಿದ್ದು ಓದಿದೆ. ಓದಿ ಮುಗಿಸಿದ ಮೇಲೆ ಇದೇ ಲೇಖಕರ ಬದುಕಿನ ಕುರಿತು ಬೇರೆಯವರು ಬರೆದುದನ್ನೂ ಹುಡುಕಿ ಓದಿದೆ. ಆ ಓದಿನಿಂದ ಹುಟ್ಟಿದ ಮೆಚ್ಚುಗೆಯನ್ನೂ ಒಂದು ಗಂಭೀರ ತಕರಾರನ್ನೂ ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಆಟದ ಮೂಲದ ಬಗ್ಗೆ ಒಂದು ಮಾತು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ದೈವಶಾಸ್ತ್ರ ಓದಿದವರೊಬ್ಬರ ಕೈಯಲ್ಲಿ. ಕೆನಡಾದ ಜೇಮ್ಸ್ ನೈಸ್ಮಿತ್ ಮಾಂಟ್ರಿಯಲ್‌ನಲ್ಲಿ ದೈವಶಾಸ್ತ್ರ ಓದಿ, ಬಳಿಕ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಗೆ ಬಂದರು. 1891ರ ಡಿಸೆಂಬರಿನ ಚಳಿಯಲ್ಲಿ, ಒಳಾಂಗಣದಲ್ಲೇ ಹುಡುಗರನ್ನು ಆಡಿಸಲು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಈ ಆಟವನ್ನು ರೂಪಿಸಿದರು. 1916ರಲ್ಲಿ ಪ್ರೆಸ್‌ಬಿಟೇರಿಯನ್ ಸಭಾಪಾಲಕರಾಗಿ ದೀಕ್ಷೆಯನ್ನೂ ಪಡೆದರು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಮೊದಲ ತರಬೇತುದಾರರಾಗಿ ಅವರ ಲೆಕ್ಕ 55 ಗೆಲುವು, 60 ಸೋಲು. ಆಟವನ್ನು ಕಂಡುಹಿಡಿದವರೇ ಅದರಲ್ಲಿ ಗೆದ್ದದ್ದಕ್ಕಿಂತ ಹೆಚ್ಚು ಸೋತರು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ವುಡನ್ ಅವರ ಕಡೆಗೆ ಬರೋಣ.

ವುಡನ್ ಹುಟ್ಟಿದ್ದು 1910ರಲ್ಲಿ, ಇಂಡಿಯಾನಾ ರಾಜ್ಯದಲ್ಲಿ. ಬೆಳೆದದ್ದು ಬಡ ಬೇಸಾಯಗಾರರ ಮನೆಯಲ್ಲಿ. 1948ರಿಂದ 1975ರವರೆಗೆ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ, ಅಂದರೆ ಯುಸಿಎಲ್‌ಎಯ, ತರಬೇತುದಾರರಾಗಿದ್ದರು. ಕೊನೆಯ 12 ವರ್ಷಗಳಲ್ಲಿ ಅವರ ತಂಡ 10 ಬಾರಿ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆಯಿತು. ಅದರಲ್ಲಿ 1967ರಿಂದ 1973ರವರೆಗೆ ಸತತ 7 ಬಾರಿ. ಒಂದು ಅವಧಿಯಲ್ಲಿ ಸತತ 88 ಪಂದ್ಯಗಳನ್ನು ಗೆದ್ದಿತು. ಆದರೆ ಮೊದಲ ಪ್ರಶಸ್ತಿ ಬಂದದ್ದು 1964ರಲ್ಲಿ, ಅವರು ಅಲ್ಲಿಗೆ ಬಂದ 16ನೆಯ ಋತುವಿನಲ್ಲಿ. 99 ವರ್ಷ ಬಾಳಿ 2010ರ ಜೂನ್ 4ರಂದು ತೀರಿಕೊಂಡರು.

ಇಷ್ಟು ಗೆದ್ದ ಮನುಷ್ಯ ತನ್ನ ಪುಸ್ತಕದಲ್ಲಿ ಗೆಲುವಿನ ಬಗ್ಗೆ ಮಾತನಾಡುವುದು ಬಹಳ ಕಡಿಮೆ. ಇದೇ ಈ ಪುಸ್ತಕದ ಮೊದಲ ಗುಣ. ಯಶಸ್ಸು ಎಂದರೇನು ಎಂಬುದಕ್ಕೆ ಅವರು ತಮ್ಮದೇ ಒಂದು ವ್ಯಾಖ್ಯೆ ಮಾಡಿಕೊಂಡಿದ್ದರು. ಆ ವ್ಯಾಖ್ಯೆ ಹುಟ್ಟಿದ್ದು ಆಟದ ಅಂಗಣದಲ್ಲಿ ಅಲ್ಲ, ತರಗತಿಯಲ್ಲಿ. 1930ರ ದಶಕದ ಆರಂಭದಲ್ಲಿ ಅವರು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕರಾಗಿದ್ದರು. ಮಗುವಿಗೆ ಮೇಲಿನ ಶ್ರೇಣಿಯ ಅಂಕ ಬಾರದಿದ್ದರೆ ಪಾಲಕರು ಮಗುವನ್ನು ದಡ್ಡನೆಂದೋ ಶಿಕ್ಷಕನನ್ನು ಅಯೋಗ್ಯನೆಂದೋ ತೀರ್ಮಾನಿಸಿಬಿಡುತ್ತಿದ್ದರು. ಪಕ್ಕದ ಮನೆಯ ಮಗುವಿಗೆ ಸಾಧಾರಣ ಅಂಕ ಸಾಕು, ನಮ್ಮ ಮಗುವಿಗೆ ಮಾತ್ರ ಸಾಲದು ಎಂಬ ಈ ಮನೋಭಾವ ಆ ತರುಣ ಶಿಕ್ಷಕನನ್ನು ನೋಯಿಸಿತು. 1934ರಲ್ಲಿ ಅವರು ತಮಗಾಗಿ ಬರೆದುಕೊಂಡದ್ದರ ಸಾರ ಇದು: ತನ್ನಿಂದ ಆಗಬಹುದಾದಷ್ಟು ಉತ್ತಮನಾಗಲು ಪೂರ್ತಿಯಾಗಿ ಶ್ರಮಿಸಿದ್ದೇನೆ ಎಂಬ ಅರಿವು ತರುವ ಮನಶ್ಶಾಂತಿಯೇ ಯಶಸ್ಸು. ಅಳೆಯಬೇಕಾದವನು ಪಕ್ಕದ ಮನೆಯವನಲ್ಲ, ನೀನೇ.

ತೊಂಬತ್ತು ವರ್ಷಗಳ ಹಿಂದೆ, ಸಾಗರದಾಚೆಯ ಊರಿನಲ್ಲಿ ಹುಟ್ಟಿದ ಈ ವಿಚಾರ ನಮ್ಮ ಮನೆಗಳಿಗೆ ಎಷ್ಟು ಹತ್ತಿರ! ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬರುವ ದಿನ ನಮ್ಮ ಧರ್ಮಕೇಂದ್ರಗಳಲ್ಲಿ ಕೆಲವು ಮನೆಗಳಿಂದ ಪೇಡೆ ಬರುತ್ತದೆ. ಕೆಲವು ಮನೆಗಳ ಬಾಗಿಲು ಮುಚ್ಚಿರುತ್ತದೆ. ಮುಚ್ಚಿದ ಬಾಗಿಲಿನ ಹಿಂದೆ ಶೇಕಡಾ 62 ಅಂಕ ತಂದ ಒಂದು ಮಗು ಇರುತ್ತದೆ. ಆ ಮಗುವಿನ 62, ಇನ್ನೊಂದು ಮಗುವಿನ 92ಕ್ಕಿಂತ ಹೆಚ್ಚು ಬೆವರಿನಿಂದ ಬಂದಿರಬಹುದು ಎಂದು ಯೋಚಿಸುವ ಬಿಡುವು ನಮಗಿಲ್ಲ. ಈ ಪುಸ್ತಕದಿಂದ ಬೇರೇನನ್ನೂ ಕಲಿಯದೆ ಈ ಒಂದನ್ನು ಕಲಿತರೂ ಓದಿದ ಶ್ರಮ ಸಾರ್ಥಕ.

ಎರಡನೆಯ ಗುಣ, ನಾಯಕತ್ವವನ್ನು ಅವರು ಶಿಕ್ಷಕ ವೃತ್ತಿಯೆಂದೇ ತಿಳಿದದ್ದು. ಪ್ರತಿ ವರ್ಷದ ಮೊದಲ ಅಭ್ಯಾಸದ ದಿನ, ದೇಶದ ಅತ್ಯುತ್ತಮ ಆಟಗಾರರನ್ನು ಕೂರಿಸಿ ಅವರು ಕಲಿಸುತ್ತಿದ್ದುದು ಕಾಲುಚೀಲ ಹಾಕಿಕೊಳ್ಳುವ ಮತ್ತು ಬೂಟಿನ ದಾರ ಕಟ್ಟುವ ಕ್ರಮವನ್ನು. ಕಾಲುಚೀಲದಲ್ಲಿ ಸುಕ್ಕು ಉಳಿದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದವನು ಆಡಲಾರ. ಅಷ್ಟು ಸರಳವಾದ ಕಾರಣ. ಪ್ರತಿ ದಿನದ ಅಭ್ಯಾಸವನ್ನು ನಿಮಿಷ ನಿಮಿಷಕ್ಕೆ ಲೆಕ್ಕಹಾಕಿ ಸಣ್ಣ ಚೀಟಿಗಳಲ್ಲಿ ಬರೆದುಕೊಳ್ಳುತ್ತಿದ್ದರು. ಅವರ ಕೊನೆಯ ಋತುವಿನಲ್ಲಿ ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಭ್ಯಾಸದ ಅಂಗಣದ ಬದಿಯಲ್ಲಿ ಕುಳಿತು ಅವರ ಮಾತುಗಳನ್ನು ಒಂದೊಂದಾಗಿ ದಾಖಲಿಸಿ, 1976ರಲ್ಲಿ ಪ್ರಕಟಿಸಿದರು. ಬೋಧನೆಯ 2,326 ಕ್ರಿಯೆಗಳಲ್ಲಿ ಹೊಗಳಿಕೆ ಸುಮಾರು ಶೇಕಡಾ 7, ಅಸಮಾಧಾನವೂ ಸುಮಾರು ಅಷ್ಟೇ. ಸುಮಾರು ಮುಕ್ಕಾಲು ಪಾಲು ಹೀಗೆ ಮಾಡು, ಹೀಗೆ ನಿಲ್ಲು ಎಂಬ ನೇರ ಪಾಠ. ಹೊಗಳಿ ಉಬ್ಬಿಸುವುದಾಗಲಿ ಬೈದು ಕುಗ್ಗಿಸುವುದಾಗಲಿ ನಾಯಕತ್ವವಲ್ಲ, ಕಲಿಸುವುದೇ ನಾಯಕತ್ವ. ಪ್ರಬೋಧನೆಯ ಪೀಠದಿಂದ ಬೈಯುವ ನಮ್ಮಂಥ ಗುರುಗಳೂ ಈ ಲೆಕ್ಕವನ್ನು ಗಮನಿಸುವುದು ಒಳ್ಳೆಯದು.

ಇನ್ನು ವಿಶ್ವಾಸದ ವಿಷಯ. ವುಡನ್ ಪ್ರೊಟೆಸ್ಟೆಂಟ್ ಸಭೆಯ ನಿಷ್ಠಾವಂತ ಸದಸ್ಯರು, ನಿತ್ಯ ಬೈಬಲ್ ಓದುವವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆ ಸೇರುವಾಗ ಅವರ ಸಭಾಪಾಲಕರು ಕೊಟ್ಟ ಒಂದು ಪುಟ್ಟ ಶಿಲುಬೆ ಕೊನೆಯವರೆಗೂ ಅವರ ಜೊತೆಗಿತ್ತು. ಪಂದ್ಯದ ವೇಳೆ ಒಂದು ಕೈಯಲ್ಲಿ ಸುರುಳಿ ಸುತ್ತಿದ ಪಂದ್ಯದ ಹಾಳೆ, ಇನ್ನೊಂದು ಕೈಯ ಮುಷ್ಟಿಯಲ್ಲಿ ಆ ಶಿಲುಬೆ. ಅದು ಅದೃಷ್ಟದ ತಾಯಿತವಲ್ಲ. ತಾನು ಯಾರಿಗೆ ಸೇರಿದವನೆಂದು ತನಗೆ ನೆನಪಿಸುವ ಗುರುತು. ಪರೀಕ್ಷೆಯ ದಿನ ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿ ಜಪಸರ ಇಟ್ಟು ಕಳಿಸುವ ತಾಯಂದಿರು ಈ ವ್ಯತ್ಯಾಸವನ್ನು ಮಕ್ಕಳಿಗೂ ತಿಳಿಸಿದರೆ ಒಳಿತು.

ತಮ್ಮ ವಿಶ್ವಾಸವನ್ನು ಅವರು ಆಟಗಾರರ ಮೇಲೆ ಹೇರಲೂ ಇಲ್ಲ. ಅವರ ಅತಿ ಪ್ರಸಿದ್ಧ ಶಿಷ್ಯ ಕಥೋಲಿಕ ಶಾಲೆಯಲ್ಲಿ ಓದಿ ಬಂದ ಲ್ಯೂ ಆಲ್ಸಿಂಡರ್. ಬಳಿಕ ಇಸ್ಲಾಂ ಸ್ವೀಕರಿಸಿ ಕರೀಮ್ ಅಬ್ದುಲ್ ಜಬ್ಬಾರ್ ಆದವರು. ಗುರುಶಿಷ್ಯರ ಸ್ನೇಹ ಕೊನೆಯವರೆಗೂ ಕುಂದಲಿಲ್ಲ. ಆ ಸ್ನೇಹದ ಕುರಿತು ಶಿಷ್ಯರು 2017ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಅವರ ವಿಶ್ವಾಸ ನಿಜವಾಗಿ ಪರೀಕ್ಷೆಗೆ ಒಳಗಾದದ್ದು ಹೆಸರು ಬರುವುದಕ್ಕೂ ಬಹಳ ಮೊದಲು. 1947ರಲ್ಲಿ ಅವರು ಇಂಡಿಯಾನಾ ಸ್ಟೇಟ್ ಕಾಲೇಜಿನ ತರಬೇತುದಾರರಾಗಿದ್ದಾಗ ತಂಡಕ್ಕೆ ಒಂದು ರಾಷ್ಟ್ರೀಯ ಪಂದ್ಯಾವಳಿಯ ಆಹ್ವಾನ ಬಂತು. ಆದರೆ ಕರಿಯ ಆಟಗಾರರಿಗೆ ಅಲ್ಲಿ ಪ್ರವೇಶವಿರಲಿಲ್ಲ. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕರಿಯ ಹುಡುಗನಿದ್ದ. ಆತ ತಂಡದ ತಾರೆಯೇನಲ್ಲ, ಹೆಚ್ಚಾಗಿ ಬೆಂಚಿನ ಮೇಲೆ ಕೂರುತ್ತಿದ್ದವನು. ಅವನನ್ನು ಮನೆಯಲ್ಲಿ ಬಿಟ್ಟು ಹೋಗಿದ್ದರೆ ತಂಡಕ್ಕೆ ನಷ್ಟವಿರಲಿಲ್ಲ. ವುಡನ್ ಆಹ್ವಾನವನ್ನೇ ತಿರಸ್ಕರಿಸಿದರು. ಮರುವರ್ಷ ನಿಯಮ ಬದಲಾಯಿತು. ವಾಕರ್ ಆಡಿದರು, ಋತುವಿನ ಕೊನೆಯ ಇಂಥ ಕಾಲೇಜು ಪಂದ್ಯಾವಳಿಯಲ್ಲಿ ಆಡಿದ ಮೊದಲ ಕರಿಯ ಆಟಗಾರರಾದರು. ಆಗಲೂ ತಂಡದೊಂದಿಗೆ ಒಂದೇ ಹೋಟೆಲಿನಲ್ಲಿ ಉಳಿಯುವ ಹಕ್ಕು ಅವರಿಗಿರಲಿಲ್ಲ. ತಂಡ ಅಂತಿಮ ಪಂದ್ಯದಲ್ಲಿ ಸೋತಿತು. ವುಡನ್ ಅವರ ಹತ್ತು ಪ್ರಶಸ್ತಿಗಳಿಗಿಂತ ಹೋಗದೆ ಉಳಿದ ಆ ಒಂದು ಪಂದ್ಯಾವಳಿ ನನಗೆ ದೊಡ್ಡದಾಗಿ ಕಾಣುತ್ತದೆ. ತೊಂಬತ್ತೊಂಬತ್ತು ಕುರಿಗಳನ್ನು ನಿಲ್ಲಿಸಿ ಒಂದರ ಕಡೆಗೆ ತಿರುಗಿದ ಕುರುಬನ ಸಾಮತಿ ಅಲ್ಲಿ ಕಣ್ಣೆದುರು ನಡೆದಂತಿದೆ.

ಒತ್ತಡದ ವಿಷಯದಲ್ಲಿಯೂ ಅವರ ಬದುಕು ಅವರ ಮಾತಿಗಿಂತ ಹೆಚ್ಚು ಹೇಳುತ್ತದೆ. ಪ್ರಶಸ್ತಿಗಳು ಹೆಚ್ಚಿದಂತೆ ಒತ್ತಡ ಇಳಿಯಲಿಲ್ಲ, ಏರಿತು. 1972ರ ಡಿಸೆಂಬರಿನಲ್ಲಿ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದರು. 1974ರಲ್ಲಿ ಪ್ರಶಸ್ತಿ ಕೈತಪ್ಪಿತು. 1975ರಲ್ಲಿ ಮತ್ತೆ ಗೆದ್ದು ನಿವೃತ್ತರಾದರು. ಆ ಕೊನೆಯ ಗೆಲುವಿನ ಬಳಿಕ ತಂಡದ ಅಭಿಮಾನಿಯೊಬ್ಬರು ಬಂದು, ಹೋದ ವರ್ಷ ನಮ್ಮನ್ನು ನಿರಾಶೆಗೊಳಿಸಿದ್ದಕ್ಕೆ ಇದು ಸರಿಹೋಯಿತು ಎಂಬರ್ಥದ ಮಾತನ್ನಾಡಿದರಂತೆ. ಹತ್ತು ಬಾರಿ ಗೆದ್ದವನಿಗೂ ಸಿಕ್ಕಿದ್ದು ಹನ್ನೊಂದನೆಯದರ ಲೆಕ್ಕ. ಗೆಲುವಿನಿಂದ ಒತ್ತಡವನ್ನು ತೀರಿಸಲಾಗದು. ಅದು ಉಪ್ಪುನೀರಿನಿಂದ ಬಾಯಾರಿಕೆ ತೀರಿಸಿಕೊಂಡಂತೆ. ಮುಷ್ಟಿಯಲ್ಲಿದ್ದ ಶಿಲುಬೆಯೂ ಅವರ ಎದೆಯ ಭಾರವನ್ನು ಮಾಯ ಮಾಡಲಿಲ್ಲ. ಗೆತ್ಸೆಮನಿ ತೋಪಿನಲ್ಲಿ ನಮ್ಮ ಪ್ರಭುವಿಗೂ ಬೆವರಿತ್ತು ಎಂಬುದನ್ನು ಬಲ್ಲ ನಾವು ಇದಕ್ಕೆ ಆಶ್ಚರ್ಯಪಡಬೇಕಾಗಿಲ್ಲ.

ಇಷ್ಟು ಮೆಚ್ಚುಗೆಯ ಬಳಿಕ ತಕರಾರಿಗೆ ಬರುತ್ತೇನೆ. ಈ ಪುಸ್ತಕದ ಹೃದಯಭಾಗದಲ್ಲಿ ಒಂದು ಚಿತ್ರವಿದೆ. ಅದರ ಹೆಸರು ಯಶಸ್ಸಿನ ಪಿರಮಿಡ್. 1934ರ ಆ ವ್ಯಾಖ್ಯೆಯ ನಂತರ ವರ್ಷಗಟ್ಟಲೆ ಯೋಚಿಸಿ 1948ರಲ್ಲಿ ಅವರು ಪೂರ್ತಿಗೊಳಿಸಿದ ಚಿತ್ರವಿದು. ಹದಿನೈದು ಕಲ್ಲುಗಳು. ತಳದಲ್ಲಿ ಐದು: ಶ್ರಮ, ಸ್ನೇಹ, ನಿಷ್ಠೆ, ಸಹಕಾರ, ಉತ್ಸಾಹ. ಅದರ ಮೇಲೆ ಆತ್ಮಸಂಯಮ, ಎಚ್ಚರ ಮುಂತಾದ ನಾಲ್ಕು. ಅದರ ಮೇಲೆ ಮೂರು, ಎರಡು. ತುದಿಯಲ್ಲಿ ಸ್ಪರ್ಧೆಯ ಶ್ರೇಷ್ಠತೆ. ಬದಿಗಳಲ್ಲಿ ಕಲ್ಲುಗಳನ್ನು ಹಿಡಿದಿಡುವ ಗಾರೆಯಂತೆ ಇನ್ನಷ್ಟು ಗುಣಗಳು. ವಿಶ್ವಾಸ ಮತ್ತು ತಾಳ್ಮೆ ಆ ಗಾರೆಯಲ್ಲಿ ತುದಿಯ ಹತ್ತಿರ ಬರುತ್ತವೆ.

ವಿಶ್ವಾಸವು ತಳದಲ್ಲಿರಬೇಕಿತ್ತು, ತುದಿಯಲ್ಲಲ್ಲ ಎಂದು ದೈವಶಾಸ್ತ್ರದ ತರಗತಿಯಲ್ಲಿ ವಾದಿಸಬಹುದು. ನನ್ನ ತಕರಾರು ಅದಲ್ಲ. ಈ ಕಟ್ಟಡದಲ್ಲಿ ಒಂದು ಕಲ್ಲೇ ಇಲ್ಲ. ಕ್ಷಮೆಯ ಕಲ್ಲು ಇಲ್ಲ.

ಶಾಂತಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಪುಸ್ತಕದ ಉತ್ತರ, ನನ್ನಿಂದಾದುದನ್ನೆಲ್ಲ ಮಾಡಿದೆ ಎಂಬ ಆತ್ಮತೃಪ್ತಿಯಿಂದ. ಪೂರ್ತಿ ಶ್ರಮಿಸಿಯೂ ಸೋತವನಿಗೆ ಇದು ನಿಜವಾಗಿ ಸಾಂತ್ವನ. ಆದರೆ ಪೂರ್ತಿ ಶ್ರಮಿಸದವನು? ಆಲಸ್ಯದಿಂದ, ಭಯದಿಂದ, ಸಿಟ್ಟಿನಿಂದ ತನ್ನ ಕೈಲಾದುದನ್ನು ಮಾಡದೆ ಬಿಟ್ಟವನು? ಅವನು ತನ್ನೊಳಗೆ ನೋಡಿಕೊಂಡರೆ ಅಲ್ಲಿ ತೃಪ್ತಿ ಸಿಗುವುದಿಲ್ಲ. ದೇವಾಲಯದಲ್ಲಿ ಪ್ರಾರ್ಥಿಸಲು ನಿಂತ ಇಬ್ಬರನ್ನು ನೆನೆಯಿರಿ. ಫರಿಸಾಯನು ತನ್ನ ಪ್ರಯತ್ನಗಳ ಪಟ್ಟಿ ಓದಿ ತೃಪ್ತನಾಗಿದ್ದ. ಸುಂಕದವನ ಬಳಿ ಪಟ್ಟಿಯೇ ಇರಲಿಲ್ಲ. ನೀತಿವಂತನಾಗಿ ಮನೆಗೆ ಹೋದವನು ಯಾರೆಂಬುದನ್ನು ಶುಭಸಂದೇಶ ಹೇಳುತ್ತದೆ. ವುಡನ್ ಫರಿಸಾಯರಾಗಿರಲಿಲ್ಲ, ಆದರೆ ಅವರ ಪಿರಮಿಡ್ಡಿನಲ್ಲಿ ಸುಂಕದವನಿಗೆ ನಿಲ್ಲಲು ಮೆಟ್ಟಿಲಿಲ್ಲ.

ಇದು ಕೇವಲ ತತ್ವದ ಮಾತಲ್ಲ. 1968ರ ಜನವರಿ 20ರಂದು ಹ್ಯೂಸ್ಟನ್ ನಗರದಲ್ಲಿ, 52 ಸಾವಿರಕ್ಕೂ ಹೆಚ್ಚು ಜನರ ಮುಂದೆ, ಸತತ 47 ಪಂದ್ಯ ಗೆದ್ದಿದ್ದ ವುಡನ್ ಅವರ ತಂಡ 69-71ರಿಂದ ಸೋತಿತು. ಆ ದಿನ ಎಡ್ಗರ್ ಲೇಸಿ ಎಂಬ ಹಿರಿಯ ಆಟಗಾರನನ್ನು ಮೊದಲ ಅರ್ಧದಲ್ಲೇ ಬೆಂಚಿಗೆ ಕಳಿಸಲಾಯಿತು. ಮತ್ತೆ ಒಳಗೆ ಕರೆಯಲಿಲ್ಲ. ಅವನಿಗೇ ಆಡುವ ಮನಸ್ಸಿರಲಿಲ್ಲವೇನೋ ಎಂಬರ್ಥದ ಮಾತು ಪಂದ್ಯದ ಬಳಿಕ ತರಬೇತುದಾರರಿಂದ ಬಂತು. ಕೆಲವೇ ದಿನಗಳಲ್ಲಿ ಲೇಸಿ ತಂಡವನ್ನು ಬಿಟ್ಟ. ಎರಡು ತಿಂಗಳ ನಂತರ ವುಡನ್ ತಂಡ ಅದೇ ಹ್ಯೂಸ್ಟನ್ ತಂಡವನ್ನು 101-69ರಿಂದ ಸೋಲಿಸಿ, ಆ ವರ್ಷದ ಪ್ರಶಸ್ತಿಯನ್ನೂ ಗೆದ್ದಿತು. ದಾಖಲೆಯ ಪುಸ್ತಕದಲ್ಲಿ ಎಲ್ಲ ಸರಿಹೋಯಿತು. ಲೇಸಿ ಮಾತ್ರ ಮರಳಲಿಲ್ಲ. ಬೆಂಚಿನ ಮೇಲಿದ್ದ ವಾಕರ್‌ಗಾಗಿ ಪಂದ್ಯಾವಳಿಯನ್ನೇ ಬಿಟ್ಟವರು, ಬೆಂಚಿನ ಮೇಲೆ ಕೂತ ಲೇಸಿಯನ್ನು ಕಳೆದುಕೊಂಡರು. ಆಗ ಅವರ ಮೇಲೆ ಎಂಥ ಒತ್ತಡವಿತ್ತೆಂಬುದನ್ನು ಊಹಿಸಬಲ್ಲೆ. ಒತ್ತಡವು ಒಳ್ಳೆಯವನನ್ನು ಕೆಟ್ಟವನಾಗಿ ಮಾಡುವುದಿಲ್ಲ. ಒಂದು ನಿಮಿಷ ಕುರುಡನನ್ನಾಗಿ ಮಾಡುತ್ತದೆ. ಆ ಒಂದು ನಿಮಿಷ ಸಾಕು.

ಇನ್ನೊಂದು ಕುರುಡುತನವನ್ನೂ ಹೇಳದಿದ್ದರೆ ವಿಮರ್ಶೆ ಪ್ರಾಮಾಣಿಕವಾಗದು. ಅವರ ಕಾಲದಲ್ಲಿ ಸ್ಯಾಮ್ ಗಿಲ್ಬರ್ಟ್ ಎಂಬ ಧನಿಕ ಅಭಿಮಾನಿಯೊಬ್ಬರು ಆಟಗಾರರಿಗೆ ನಿಯಮ ಮೀರಿದ ನೆರವು ಕೊಡುತ್ತಿದ್ದರೆಂದು ಮುಂದೆ ಪತ್ರಿಕೆಗಳು ಬರೆದವು. 1981ರಲ್ಲಿ, ವುಡನ್ ನಿವೃತ್ತರಾಗಿ ಆರು ವರ್ಷಗಳಾದ ಮೇಲೆ, ವಿಶ್ವವಿದ್ಯಾಲಯಕ್ಕೆ ದಂಡನೆಯಾಯಿತು. ಗಿಲ್ಬರ್ಟ್ ಅವರನ್ನು ದೂರವಿಡಬೇಕೆಂಬ ಆದೇಶವೂ ಬಂತು. ವುಡನ್ ಮೇಲೆ ಯಾವ ದೋಷವೂ ಹೊರಿಸಲ್ಪಡಲಿಲ್ಲ. ತಾನು ಅತ್ತಿತ್ತ ನೋಡದೆ ಆಟವನ್ನಷ್ಟೇ ನೋಡುತ್ತಿದ್ದೆನೇನೋ ಎಂದು ಅವರೇ ಒಪ್ಪಿಕೊಂಡರು. ತನ್ನ ಕೆಲಸವನ್ನು ಶ್ರದ್ಧೆಯಿಂದ ಮಾಡುವವನಿಗೆ ಪಕ್ಕದಲ್ಲಿ ನಡೆಯುವುದು ಕಾಣದೇ ಹೋಗಬಹುದು. ಇದು ಪ್ರತಿ ನಾಯಕನಿಗೂ ಪಾಠ. ಧರ್ಮಕೇಂದ್ರದ ಗುರುಗಳಿಗೂ, ಮನೆಯ ಯಜಮಾನನಿಗೂ.

ಲೇಸಿಯ ಪ್ರಸಂಗ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಾರಣವನ್ನು ಹೇಳುತ್ತೇನೆ. ಗುರುಮಠದಲ್ಲಿ ನಮಗೆ ಸಂಜೆಯ ಆಟ ಜಪದಷ್ಟೇ ಕಡ್ಡಾಯವಾಗಿತ್ತು. ಬ್ಯಾಸ್ಕೆಟ್‌ಬಾಲನ್ನು ನಾನು ಅಲ್ಲಿ ಕಲಿತೆ. ಗುರುದೀಕ್ಷೆಯಾದ ಆರಂಭದ ವರ್ಷಗಳಲ್ಲಿ ಒಂದು ಬಾಲಕರ ವಸತಿನಿಲಯದ ಹೊಣೆ ನನ್ನದಾಗಿತ್ತು. ಹುಡುಗರ ತಂಡ ಕಟ್ಟಿದೆ. ಒಂದು ಅಂತಿಮ ಪಂದ್ಯದ ಕೊನೆಯ ಗಳಿಗೆಯಲ್ಲಿ ನಮ್ಮ ಹುಡುಗನೊಬ್ಬನಿಗೆ ಎರಡು ಫ್ರೀ ಥ್ರೋ ಸಿಕ್ಕಿದವು. ಎರಡೂ ತಪ್ಪಿದವು. ಒಂದು ಅಂಕದಿಂದ ಸೋತೆವು. ಎಲ್ಲರ ಮುಂದೆ ನಾನು ಆ ಹುಡುಗನಿಗೆ, ನಿನ್ನನ್ನು ನಂಬಿದ್ದು ನನ್ನ ತಪ್ಪು ಎಂದುಬಿಟ್ಟೆ. ಅವನು ಅಳಲಿಲ್ಲ, ಬೂಟು ಬಿಚ್ಚಿ ಗೋಡೆಯ ಬದಿಗೆ ಜೋಡಿಸಿಟ್ಟ. ಮತ್ತೆಂದೂ ಚೆಂಡು ಮುಟ್ಟಲಿಲ್ಲ. ರಜೆಗೆ ಊರಿಗೆ ಹೋದವನು ವಸತಿನಿಲಯಕ್ಕೆ ಮರಳಲೂ ಇಲ್ಲ. ಪಾಪನಿವೇದನೆಯಲ್ಲಿ ನಾನು ಇದನ್ನು ಹೇಳಿಕೊಂಡಿದ್ದೇನೆ; ಅವನ ಮುಂದೆ ಹೇಳಿಕೊಳ್ಳುವ ಅವಕಾಶ ಇನ್ನೂ ಸಿಕ್ಕಿಲ್ಲ. ಪುಸ್ತಕ ಕೊಟ್ಟ ಈ ದೈಹಿಕ ಶಿಕ್ಷಕ ಅದೇ ತಂಡದಲ್ಲಿ ಆಡಿದವನು. ಅವನು ಆ ದಿನದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ.

ನಾನು ಆ ದಿನ ನನ್ನ ಕೈಲಾದುದನ್ನೆಲ್ಲ ಮಾಡಿದ್ದೆನೇ? ಇಲ್ಲ. ಹಾಗಾದರೆ ವುಡನ್ ಅವರ ವ್ಯಾಖ್ಯೆಯಂತೆ ನನಗೆ ಶಾಂತಿಯಿಲ್ಲ. ಆ ಹುಡುಗನು ತನ್ನ ಕೈಲಾದುದನ್ನೆಲ್ಲ ಮಾಡಿದ್ದನೇ? ಬಹುಶಃ ಮಾಡಿದ್ದ, ಆದರೆ ದೊಡ್ಡವರು ಅವಮಾನಿಸಿದ ಮೇಲೆ ಹದಿನಾಲ್ಕು ವರ್ಷದ ಮಗು ತನ್ನೊಳಗೆ ತೃಪ್ತಿ ಹುಡುಕಿಕೊಳ್ಳಲಾರದು. ಶಾಂತಿಯನ್ನು ಯಾರಾದರೂ ತಂದು ಕೊಡಬೇಕಾಗುತ್ತದೆ. ತಿಬೇರಿಯ ಸರೋವರದ ದಡದಲ್ಲಿ ಪುನರುತ್ಥಾನರಾದ ಪ್ರಭು ಇದ್ದಲಿನ ಬೆಂಕಿ ಹಚ್ಚಿ, ಮೀನು ರೊಟ್ಟಿ ಸಿದ್ಧಪಡಿಸಿ ಕಾದದ್ದು ಇದಕ್ಕಾಗಿ. ಪೇತ್ರನು ಒತ್ತಡದ ರಾತ್ರಿಯಲ್ಲಿ ಮೂರು ಬಾರಿ ಸೋತಿದ್ದ. ಯೇಸುಸ್ವಾಮಿ ಏಕೆ ಸೋತೆ ಎಂದು ಕೇಳಲಿಲ್ಲ. ಮೊದಲು ಉಣಿಸಿದರು, ಬಳಿಕ ಪ್ರೀತಿಸುತ್ತೀಯಾ ಎಂದು ಮೂರು ಬಾರಿ ಕೇಳಿದರು, ಕೊನೆಗೆ ಮತ್ತೆ ಕುರಿಗಳನ್ನು ಅವನ ಕೈಗೇ ಒಪ್ಪಿಸಿದರು. ಸೋತವನಿಗೆ ಊಟ, ಪ್ರೀತಿ, ಮತ್ತೆ ಜವಾಬ್ದಾರಿ. ಕ್ರೈಸ್ತ ನಾಯಕತ್ವದ ಇಡೀ ಪಾಠ ಆ ದಡದಲ್ಲಿದೆ. ಮನೆಕಟ್ಟುವವರು ಬೇಡವೆಂದು ಬಿಟ್ಟ ಕಲ್ಲೇ ಮುಖ್ಯ ಮೂಲೆಗಲ್ಲಾಯಿತೆಂದು ಶ್ರೀಗ್ರಂಥ ಹೇಳುವುದನ್ನು ನಂಬುವವರು, ಬೆಂಚಿನ ಮೇಲೆ ಕೂತವನ ಕಡೆಗೆ ಇನ್ನೊಮ್ಮೆ ನೋಡಲೇಬೇಕು.

ಇಂಥ ನೋಟಕ್ಕೆ ದೂರದ ಉದಾಹರಣೆಯೇ ಬೇಕೆಂದಿಲ್ಲ. ಬೆಂಗಳೂರಿನ ಸಂತ ಜೋಸೆಫರ ಬಾಲಕರ ಶಾಲೆಯಲ್ಲಿ ಓದಿದ ರಾಹುಲ್ ದ್ರಾವಿಡ್ 2007ರಲ್ಲಿ ನಾಯಕನಾಗಿ ವೆಸ್ಟ್ ಇಂಡೀಸ್‌ನಿಂದ ವಿಶ್ವಕಪ್‌ನ ಮೊದಲ ಹಂತದಲ್ಲೇ ಸೋತು ಮರಳಿದವರು. 2024ರಲ್ಲಿ ತರಬೇತುದಾರರಾಗಿ ಅದೇ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್‌ನಲ್ಲಿ ಟಿ-20 ವಿಶ್ವಕಪ್ ಗೆದ್ದವರು. ನನಗೆ ಹೆಚ್ಚು ನೆನಪಿರುವುದು 2018ರ ಒಂದು ಸಂಗತಿ. ಕಿರಿಯರ ವಿಶ್ವಕಪ್ ಗೆದ್ದಾಗ ಅವರಿಗೆ 50 ಲಕ್ಷ ರೂಪಾಯಿ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಎಂದು ಮಂಡಳಿ ಘೋಷಿಸಿತು. ಎಲ್ಲರೂ ಸಮಾನವಾಗಿ ದುಡಿದಿರುವಾಗ ಈ ಭೇದವೇಕೆ ಎಂದು ಅವರು ಪ್ರಶ್ನಿಸಿದರು. ಕೊನೆಗೆ ಎಲ್ಲರಿಗೂ ತಲಾ 25 ಲಕ್ಷವಾಯಿತು. ತನ್ನ ಪಾಲು ಅರ್ಧವಾಗುವುದೆಂದು ತಿಳಿದೂ ಬೆನ್ನ ಹಿಂದಿರುವವರನ್ನು ನೋಡುವ ಕಣ್ಣು ಅದು.

2018ರ ಜೂನ್ 1ರಂದು ವ್ಯಾಟಿಕನ್ ಕ್ರೀಡೆಯ ಕುರಿತು ತನ್ನ ಮೊದಲ ವಿಸ್ತಾರವಾದ ದಾಖಲೆಯನ್ನು ಪ್ರಕಟಿಸಿತು. ಮಕ್ಕಳ ಆಟವನ್ನು ದೊಡ್ಡವರು ತಮ್ಮ ಹೆಮ್ಮೆಗಾಗಿ ಬಳಸಿಕೊಳ್ಳುವ ಅಪಾಯವನ್ನು ಅದು ಎತ್ತಿಹೇಳುತ್ತದೆ. ಆಟಕ್ಕೆ ಹೇಳಿದ್ದು ಪಾಠಕ್ಕೂ ಸಲ್ಲುತ್ತದೆ.

ಹಾಗಾದರೆ ಈ ಪುಸ್ತಕವನ್ನು ಮಕ್ಕಳಿಗೆ, ಪಾಲಕರಿಗೆ ಹೇಳಬಹುದೇ? ಹೇಳಬೇಕು. ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಬೇಡಿ, ಶ್ರಮವನ್ನು ನೋಡಿ, ಕಾಲುಚೀಲದಿಂದ ಆರಂಭಿಸಿ ತಾಳ್ಮೆಯಿಂದ ಕಲಿಸಿ, ಗೆಲುವಿಗಾಗಿ ದೇವರನ್ನು ಪೀಡಿಸಬೇಡಿ ಎಂಬೆಲ್ಲ ಮಾತುಗಳಿಗೆ ಈ ಪುಸ್ತಕ ಒಳ್ಳೆಯ ಆಧಾರ. ಆದರೆ ಅಲ್ಲಿಗೆ ನಿಲ್ಲಬೇಡಿ. ಪುಸ್ತಕದ ಪಿರಮಿಡ್ಡಿಗಿಂತ ಅದನ್ನು ಬರೆದವರ ಬದುಕು ದೊಡ್ಡದು. 1985ರಲ್ಲಿ ಮಡದಿ ನೆಲ್ ತೀರಿಕೊಂಡ ಮೇಲೆ, ಪ್ರತಿ ತಿಂಗಳ 21ರಂದು ಅವರಿಗೊಂದು ಪತ್ರ ಬರೆದು ದಿಂಬಿನ ಮೇಲಿಡುತ್ತಿದ್ದರು ಆ ಮುದುಕ. ಸುಮಾರು ಐವತ್ತಮೂರು ವರ್ಷಗಳ ಆ ದಾಂಪತ್ಯಕ್ಕೆ ಯಾವ ಅಂಕಪಟ್ಟಿಯೂ ಇಲ್ಲ. ಪ್ರೀತಿಗೆ ಪಿರಮಿಡ್ಡಿನ ಆಕಾರ ಇರುವುದಿಲ್ಲ ಎಂಬುದು ಅವರಿಗೇ ತಿಳಿದಿತ್ತು.

ಈ ಲೇಖನ ಬರೆಯುವ ದಿನಗಳಲ್ಲಿ ಮಚ್ಛೆಯ ಫೌಂಡ್ರಿಯಲ್ಲಿ ಮೂವತ್ತು ವರ್ಷ ದುಡಿದ ಒಬ್ಬರೊಂದಿಗೆ ಮಾತನಾಡುತ್ತಿದ್ದೆ. ಎರಕದಲ್ಲಿ ಗಾಳಿಗುಳ್ಳೆ ಉಳಿದು ಕೆಟ್ಟ ಸರಕನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ನಕ್ಕರು. "ಎರಕ ಕೆಟ್ರ ಕಬ್ಬಿಣ ಕೆಟ್ಟಂಗ ಅಲ್ರಿ ಫಾದರ್. ಮತ್ತ ಕುಲುಮಿಗೆ ಹಾಕೂದು, ಮತ್ತ ಹೊಯ್ಯೂದು." ಅವರ ಮಗ ಆ ವರ್ಷ ಪಿಯುಸಿಯಲ್ಲಿ ಒಂದು ವಿಷಯದಲ್ಲಿ ತೇರ್ಗಡೆಯಾಗಿರಲಿಲ್ಲ, ತಂದೆಮಗ ಮಾತು ಬಿಟ್ಟು ತಿಂಗಳಾಗಿತ್ತು. ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಬಳಿಕ ಸೈಕಲ್ ಹತ್ತಿ ಮನೆಯ ಕಡೆಗೆ ಹೊರಟರು.

ಪುಸ್ತಕವನ್ನು ನನ್ನ ಹಳೆಯ ವಿದ್ಯಾರ್ಥಿಗೆ ಹಿಂದಿರುಗಿಸಿದ್ದೇನೆ. ಹದಿನೈದು ಕಲ್ಲುಗಳ ಚಿತ್ರವಿರುವ ಪುಟದಲ್ಲಿ, ಎಲ್ಲಕ್ಕಿಂತ ಕೆಳಗೆ ಖಾಲಿಯಿದ್ದ ಜಾಗದಲ್ಲಿ, ಪೆನ್ಸಿಲಿನಿಂದ ಒಂದು ಉದ್ದನೆಯ ಕಲ್ಲನ್ನು ಬರೆದು ಅದರೊಳಗೆ 'ಕ್ಷಮೆ' ಎಂದು ಬರೆದಿದ್ದೇನೆ. ಆ ಹಳೆಯ ಗೆಳೆಯ ಈಗ ಎಲ್ಲಿದ್ದಾನೆಂದು ತಿಳಿದರೆ ನನಗೆ ವಿಳಾಸ ಕೊಡು ಎಂದೂ ಕೇಳಿಕೊಂಡಿದ್ದೇನೆ.